ಬಡಿತದ ಸದ್ದು

2023ರ ಜೂನ್ ಮೂರನೆಯ ವಾರದಲ್ಲಿ ಹಾಸನದ ಕಡೆ ಮಳೆ ಇನ್ನೂ ಹಿಡಿದಿರಲಿಲ್ಲ. ಅಪ್ಪ ಆ ನಾಲ್ಕು ದಿನ ತೋಟದ ಕಡೆ ತಲೆ ಹಾಕದೆ ಟಿವಿಯ ಮುಂದೆಯೇ ಕುಳಿತಿದ್ದರು. ಟೈಟಾನಿಕ್ ಹಡಗಿನ ಅವಶೇಷವನ್ನು ನೋಡಲೆಂದು ಐದು ಜನರನ್ನು ಹೊತ್ತು ಅಟ್ಲಾಂಟಿಕ್ ಸಾಗರದಲ್ಲಿ ಇಳಿದ ಟೈಟಾನ್ ಎಂಬ ಸಬ್‌ಮರ್ಸಿಬಲ್ ಜೂನ್ 18ರ ಭಾನುವಾರ, ಇಳಿಯಲು ತೊಡಗಿ ಒಂದೂ ಮುಕ್ಕಾಲು ಗಂಟೆಯಾಗುವಷ್ಟರಲ್ಲಿ ಸಂಪರ್ಕ ಕಳೆದುಕೊಂಡಿತ್ತು. ಬುಧವಾರ ಬೆಳಿಗ್ಗೆ ನಾನು ಕಾಫಿ ಲೋಟ ಹಿಡಿದು ಹೊರಗೆ ಬಂದಾಗ ಅಪ್ಪ, "ಅರ್ಧ ಗಂಟೆಗೊಂದು ಸಲ ಬಡೀತಿರೋ ಸದ್ದು ಕೇಳಿಸಿದೆಯಂತೆ ಕಣೋ, ಬದುಕಿದಾರೆ" ಎಂದರು. ಅವರ ದನಿ ನಡುಗುತ್ತಿತ್ತು.

ಆ ನಡುಕದ ಕಾರಣ ನನಗೆ ಗೊತ್ತಿತ್ತು. ನಾನು ಎಂಟನೆಯ ತರಗತಿಯಲ್ಲಿದ್ದಾಗ ದೊಡ್ಡಪ್ಪ ಹೇಮಾವತಿಯ ಹಿನ್ನೀರಿನಲ್ಲಿ ತೆಪ್ಪದಿಂದ ಬಲೆ ಬಿಡಲು ಹೋದವರು ಹಿಂದಿರುಗಲಿಲ್ಲ. ಬಾವಿಗೆ ಬಿದ್ದ ಕೊಡವನ್ನು ಎತ್ತುವ ಪಾತಾಳಗರಡಿಗಳನ್ನೇ ಉದ್ದನೆಯ ಹಗ್ಗಗಳಿಗೆ ಕಟ್ಟಿ ಊರಿನವರು ಎರಡು ದಿನ ನೀರನ್ನು ಜಾಲಾಡಿದರು. ಎರಡನೆಯ ರಾತ್ರಿ ಯಾರೋ ನಡುಗಡ್ಡೆಯ ಕಡೆಯಿಂದ ಕೂಗು ಕೇಳಿಸಿತು ಎಂದದ್ದೇ ತಡ, ಅಪ್ಪ ಮತ್ತು ಇನ್ನಿಬ್ಬರು ಪೆಟ್ರೋಮ್ಯಾಕ್ಸ್ ಹಿಡಿದು ಅತ್ತ ಹುಟ್ಟು ಹಾಕಿದರು. ಅಲ್ಲಿ ಯಾರೂ ಇರಲಿಲ್ಲ. ಮೂರನೆಯ ದಿನ ಬೆಳಗಿನ ಜಾವ ದೊಡ್ಡಪ್ಪನ ದೇಹ ತಾನಾಗಿಯೇ ತೇಲಿ ಬಂತು. ಅಲ್ಲಿಯವರೆಗೆ ಅಜ್ಜಿ ದಂಡೆ ಬಿಟ್ಟು ಏಳಲಿಲ್ಲ.

ಹಿನ್ನೀರಿನ ಆಳ ಹಗ್ಗಕ್ಕೆ ಎಟುಕುತ್ತದೆ. ಟೈಟಾನಿಕ್ ಮಲಗಿರುವ ಜಾಗ ಸುಮಾರು 3,800 ಮೀಟರ್ ಆಳದಲ್ಲಿದೆ. ಸಮುದ್ರಮಟ್ಟದಿಂದ 1,930 ಮೀಟರ್ ಎತ್ತರವಿರುವ ನಮ್ಮ ಮುಳ್ಳಯ್ಯನಗಿರಿಯಂಥ ಎರಡನ್ನು ಒಂದರ ಮೇಲೊಂದು ನಿಲ್ಲಿಸಿದರೆ ಹೆಚ್ಚುಕಡಿಮೆ ಆ ಆಳ ತುಂಬುತ್ತದೆ. ಅಲ್ಲಿ ಉಗುರಿನಷ್ಟು ಅಗಲದ, ಅಂದರೆ ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಬೀಳುವ ಒತ್ತಡ 380 ಕಿಲೋಗೂ ಹೆಚ್ಚು. ಐವತ್ತು ಕಿಲೋದ ಏಳೆಂಟು ಕಾಫಿ ಮೂಟೆಗಳನ್ನು ಒಂದು ಉಗುರಿನ ಮೇಲೆ ಪೇರಿಸಿದಂತೆ. ಬೆಳಕು ಅಲ್ಲಿಗೆ ಇಳಿಯುವುದಿಲ್ಲ, ರೇಡಿಯೊ ತರಂಗಗಳು ಉಪ್ಪುನೀರಿನಲ್ಲಿ ದೂರ ಸಾಗುವುದಿಲ್ಲ. ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗದಲ್ಲಿ ಸಾಗುವ ಸದ್ದೊಂದೇ ಮೇಲಿನವರಿಗೂ ಕೆಳಗಿನವರಿಗೂ ಇರುವ ಕೊಂಡಿ. ಹಾಗಾಗಿ ಆ ಹುಡುಕಾಟವೆಂದರೆ ಬಹುಪಾಲು ಕಿವಿಗೊಟ್ಟು ಕಾಯುವುದೇ ಆಗಿತ್ತು. ಕೆನಡಾದ ಪಿ-3 ವಿಮಾನಗಳು ನೀರಿನಲ್ಲಿ ತೇಲುತ್ತಾ ಆಲಿಸುವ ಸೊನೊಬಾಯ್‌ಗಳನ್ನು ಉದುರಿಸಿದ್ದವು. ಅಪ್ಪ ಹೇಳಿದ ಬಡಿತ ಕೇಳಿಸಿದ್ದು ಅವುಗಳಿಗೆ.

ಆ ಆಸೆ ಬುಡವಿಲ್ಲದ್ದಾಗಿರಲಿಲ್ಲ ಎಂದೇ ಇಂದಿಗೂ ನನ್ನ ಭಾವನೆ. 1973ರಲ್ಲಿ ಐರ್ಲೆಂಡಿನ ಆಚೆ ಸುಮಾರು 480 ಮೀಟರ್ ಆಳದಲ್ಲಿ ಸಿಕ್ಕಿಹಾಕಿಕೊಂಡಿದ್ದ ಪೈಸಿಸ್-3 ಎಂಬ ಸಬ್‌ಮರ್ಸಿಬಲ್‌ನಿಂದ ಇಬ್ಬರನ್ನು ಮೂರು ದಿನಗಳಿಗೂ ಹೆಚ್ಚು ಕಾಲದ ನಂತರ, ಆಮ್ಲಜನಕ ಇನ್ನೇನು ಮುಗಿಯಿತು ಎನ್ನುವಾಗ, ಜೀವಂತವಾಗಿ ಮೇಲೆತ್ತಲಾಗಿತ್ತು. ಟೈಟಾನ್‌ನಲ್ಲಿ 96 ಗಂಟೆಗಳಿಗೆ ಸಾಕಾಗುವ ಆಮ್ಲಜನಕವಿದೆ ಎಂದು ಹೇಳಲಾಗಿತ್ತು. ಟಿವಿ ವಾಹಿನಿಗಳು ಉಳಿದ ಗಂಟೆಗಳನ್ನು ಎಣಿಸುತ್ತಿದ್ದವು, ನಾವೂ ಎಣಿಸಿದೆವು. ಆ ಎಣಿಕೆಯ ಭರದಲ್ಲಿ ಯಂತ್ರದ ಮೈ ಗಟ್ಟಿಯಿತ್ತೇ ಎಂಬ ಪ್ರಶ್ನೆಯನ್ನು ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ.

ಗುರುವಾರ, ಜೂನ್ 22ರಂದು, ಹೊರೈಜನ್ ಆರ್ಕ್ಟಿಕ್ ಹಡಗಿನಿಂದ ಇಳಿಸಿದ ಒಡಿಸ್ಸಿಯಸ್ 6ಕೆ ಎಂಬ ಮಾನವರಹಿತ ಯಂತ್ರ ಸಾಗರತಳವನ್ನು ಮುಟ್ಟಿತು. ಟೈಟಾನಿಕ್‌ನ ಮುಂಭಾಗದಿಂದ ಸುಮಾರು 500 ಮೀಟರ್ ದೂರದಲ್ಲಿ ಟೈಟಾನ್‌ನ ಚೂರುಗಳು ಕಂಡವು. ನಮಗೆ ಸುದ್ದಿ ತಿಳಿಯುವಾಗ ಶುಕ್ರವಾರದ ಬೆಳಿಗ್ಗೆಯಾಗಿತ್ತು. ನೀರಿನ ಒತ್ತಡಕ್ಕೆ ಟೈಟಾನ್ ಕಣ್ಣು ಮಿಟುಕಿಸುವಷ್ಟರಲ್ಲಿ ಒಳಕ್ಕೆ ಕುಸಿದಿತ್ತು. ಭಾನುವಾರವೇ ಅಮೆರಿಕದ ನೌಕಾಪಡೆಯ ಶ್ರವಣ ಉಪಕರಣಗಳು ಅಂಥ ಕುಸಿತಕ್ಕೆ ಹೊಂದುವ ಸದ್ದನ್ನು ದಾಖಲಿಸಿದ್ದವು ಎಂಬುದೂ ಹೊರಬಂತು. ಅಪ್ಪ ನಂಬಿದ್ದ ಬಡಿತ ಟೈಟಾನ್‌ನದಾಗಿರಲಿಲ್ಲ.

ಹಾಗಿದ್ದರೆ ಹುಡುಕಿದ್ದೇ ವ್ಯರ್ಥವಲ್ಲವೇ ಎಂದು ಹಲವರು ಆಗ ಕೇಳಿದರು. ನಾನು ಒಪ್ಪುವುದಿಲ್ಲ. ನೌಕಾಪಡೆ ತನಗೆ ಕೇಳಿಸಿದ್ದನ್ನು ಹುಡುಕುವವರಿಗೆ ತಿಳಿಸಿತ್ತು; ಆದರೆ ಅಷ್ಟರಿಂದಲೇ ಐವರೂ ಸತ್ತರೆಂದು ತೀರ್ಮಾನಿಸುವಂತಿರಲಿಲ್ಲವಾದ್ದರಿಂದ ಅವರು ಕೈಬಿಡಲಿಲ್ಲ. ಖಾಲಿ ನಡುಗಡ್ಡೆಗೆ ಹುಟ್ಟು ಹಾಕಿದ ಅಪ್ಪ ಮಾಡಿದ್ದೂ ತಪ್ಪಲ್ಲ.

ತಪ್ಪು ನಡೆದದ್ದು ಬಹಳ ಹಿಂದೆ. ಟೈಟಾನ್ ನಿರ್ಮಿಸಿ ನಡೆಸುತ್ತಿದ್ದ ಓಷನ್‌ಗೇಟ್ ಕಂಪನಿಯಲ್ಲಿದ್ದ ಡೇವಿಡ್ ಲಾಕ್ರಿಜ್ ಎಂಬ ಅಧಿಕಾರಿ 2018ರಲ್ಲಿ ಅದರ ಸುರಕ್ಷತೆಯನ್ನು ಬರಹದಲ್ಲೇ ಪ್ರಶ್ನಿಸಿದರು, ಕೆಲಸ ಕಳೆದುಕೊಂಡರು. ಅದೇ ವರ್ಷ ಆ ಕ್ಷೇತ್ರದ ಅನುಭವಿಗಳು, ಸ್ವತಂತ್ರ ಸಂಸ್ಥೆಯಿಂದ ಯಂತ್ರವನ್ನು ಪರೀಕ್ಷಿಸಿ ಪ್ರಮಾಣೀಕರಿಸಬೇಕೆಂದು ಒತ್ತಾಯಿಸುವ ಪತ್ರ ಬರೆದರು. ಟೈಟಾನ್‌ಗೆ ಅಂಥ ಪ್ರಮಾಣಪತ್ರ ಕೊನೆಯವರೆಗೂ ಇರಲಿಲ್ಲ. ಅಷ್ಟು ಆಳಕ್ಕೆ ಇಳಿಯುವ ಯಂತ್ರಗಳಲ್ಲಿ ಜನ ಕೂರುವ ಭಾಗವನ್ನು ಸಾಮಾನ್ಯವಾಗಿ ಲೋಹದ ಗೋಳದಂತೆ ಮಾಡುತ್ತಾರೆ. ಇದರದ್ದು ಕಾರ್ಬನ್ ಫೈಬರಿನ ಕೊಳವೆ, ಎರಡೂ ತುದಿಗೆ ಟೈಟಾನಿಯಂ ಮುಚ್ಚಳ. ಎಳೆತವನ್ನು ಚೆನ್ನಾಗಿ ತಾಳುವ ಕಾರ್ಬನ್ ಫೈಬರ್, ಹೊರಗಿನಿಂದ ಮತ್ತೆ ಮತ್ತೆ ಅದುಮಿದಾಗ ಪದರ ಪದರವಾಗಿ ಬಿಡಿಸಿಕೊಳ್ಳಬಲ್ಲದು. ನನ್ನನ್ನು ಹೆಚ್ಚು ಕಾಡಿದ್ದು 2022ರ ಜುಲೈ 15ರ ಸಂಗತಿ. ಅಂದು ಟೈಟಾನ್ ಮೇಲೇರುವಾಗ ಒಳಗಿದ್ದವರಿಗೆ ದೊಡ್ಡ ಸದ್ದೊಂದು ಕೇಳಿಸಿತು. ಪದರಗಳು ಬಿಟ್ಟುಕೊಂಡ ಸೂಚನೆ ಯಂತ್ರದ ದಾಖಲೆಯಲ್ಲಿಯೂ ಇತ್ತು. ಆದರೂ ಮರುವರ್ಷ ಅದೇ ಯಂತ್ರವನ್ನು ನೀರಿಗಿಳಿಸಿದರು. 2025ರ ಆಗಸ್ಟಿನಲ್ಲಿ ಅಮೆರಿಕದ ಕರಾವಳಿ ಕಾವಲು ಪಡೆಯ ತನಿಖಾ ವರದಿ ಈ ದುರಂತವನ್ನು ತಪ್ಪಿಸಬಹುದಾಗಿತ್ತು ಎಂದೇ ಹೇಳಿತು.

ತನಿಖೆಯ ವೇಳೆ ಒಂದು ವಿಡಿಯೊ ಬಿಡುಗಡೆಯಾಯಿತು. ಟೈಟಾನ್ ನಡೆಸುತ್ತಿದ್ದ ಸ್ಟಾಕ್ಟನ್ ರಶ್ ಅವರ ಪತ್ನಿ ಮೇಲಿನ ಹಡಗಿನಲ್ಲಿ ಕಂಪ್ಯೂಟರ್ ಮುಂದೆ ಕುಳಿತಿದ್ದಾರೆ. ಬಾಗಿಲು ಬಡಿದಂಥ ಸದ್ದು ಕೇಳಿಸಿ, ಅದೇನು ಸದ್ದು ಎಂದು ಕೇಳುತ್ತಾರೆ. ಆಮೇಲೆ, ಯಂತ್ರವನ್ನು ಹಗುರಗೊಳಿಸಲು ಎರಡು ತೂಕಗಳನ್ನು ಕಳಚಿದ್ದೇವೆ ಎಂಬ ಸಂದೇಶ ಕೆಳಗಿನಿಂದ ಬಂದು ಮುಟ್ಟುತ್ತದೆ. ಕುಸಿತಕ್ಕೆ ಮುನ್ನ ಕಳುಹಿಸಿದ ಆ ಸಂದೇಶ ಸದ್ದಿಗಿಂತ ತಡವಾಗಿ ತಲುಪಿದ್ದರಿಂದ, ಎಲ್ಲವೂ ಸರಿಯಿದೆ ಎಂದು ಮೇಲಿನವರು ತಿಳಿದರು. ಅದನ್ನು ಅಪ್ಪನಿಗೆ ತೋರಿಸಲು ನನಗೆ ಮನಸ್ಸಾಗಲಿಲ್ಲ.

ಐವರಲ್ಲಿ ಅತಿ ಕಿರಿಯ ಸುಲೇಮಾನ್ ದಾವೂದ್‌ಗೆ ಹತ್ತೊಂಬತ್ತು ವರ್ಷ, ತಂದೆಯೊಡನೆ ಇಳಿದಿದ್ದ. ತಾಯಿಯೂ ತಂಗಿಯೂ ಮೇಲಿನ ಹಡಗಿನಲ್ಲಿದ್ದರು. 2023ರ ಅಕ್ಟೋಬರಿನಲ್ಲಿ, ಸಾಗರತಳದಿಂದ ಉಳಿದ ಚೂರುಗಳ ಜೊತೆಗೆ ಮನುಷ್ಯರದೆಂದು ತೋರುವ ಅವಶೇಷಗಳೂ ಸಿಕ್ಕಿವೆ ಎಂಬ ಸುದ್ದಿಯನ್ನು ನಾನು ಓದಿ ಹೇಳಿದಾಗ, ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ತಾಯಿಗೆ ಹೇಳಿದರೇನೋ" ಎಂದು ಕೇಳಿದರು.