ಟ್ರೂರೋ ಪೋಸ್ಟಾಫೀಸಿಗೆ ಹೋದ ದಿನ

'ಮೆನ್ ಇನ್ ಬ್ಲ್ಯಾಕ್' ಸಿನಿಮಾದ ಎರಡನೇ ಭಾಗವನ್ನು ಹೊಗಳುವವರು ಕಡಿಮೆ. 1997ರಲ್ಲಿ ಬಂದ ಮೊದಲನೆಯದೇ ಚೆಂದ, 2002ರ ಈ ಭಾಗ ಬರೀ ದುಡ್ಡಿಗಾಗಿ ಮಾಡಿದ್ದು ಅನ್ನುತ್ತಾರೆ. ನನಗೆ ಮಾತ್ರ ಇದೇ ಜಾಸ್ತಿ ಇಷ್ಟ. ಅದಕ್ಕೆ ಕಾರಣ ನಮ್ಮಪ್ಪ.

ಅಪ್ಪ ಆರ್‌ಎಂಎಸ್‌ನಲ್ಲಿದ್ದವರು. ಅಂದರೆ ರೈಲ್ವೆ ಮೇಲ್ ಸರ್ವಿಸ್. ಈಗಿನ ಹುಡುಗರಿಗೆ ಇದು ಗೊತ್ತಿರಲಿಕ್ಕಿಲ್ಲ. ಆಗ ರೈಲಿಗೆ ಒಂದು ಮೇಲ್ ವ್ಯಾನ್ ಇರುತ್ತಿತ್ತು. ಓಡುವ ರೈಲಿನಲ್ಲೇ ಸಾರ್ಟರ್‌ಗಳು ನಿಂತುಕೊಂಡು ಕಾಗದ ವಿಂಗಡಿಸುತ್ತಿದ್ದರು. ಎದುರಿಗೆ ಸಾಲು ಸಾಲು ಖಾನೆಗಳು, ಒಂದೊಂದು ಊರಿಗೆ ಒಂದೊಂದು. ಹುಬ್ಬಳ್ಳಿಯಿಂದ ಗುಂತಕಲ್ ಕಡೆ ಹೊರಟರೆ ಗದಗ ಬರುವುದರೊಳಗೆ ಗದಗಿನ ಬ್ಯಾಗ್ ಕಟ್ಟಿ, ಅರಗು ಹಚ್ಚಿ, ಶಿಕ್ಕಾ ಒತ್ತಿ ಇಟ್ಟಿರಬೇಕು. ಆಮೇಲೆ ಕೊಪ್ಪಳ, ಹೊಸಪೇಟೆ, ಬಳ್ಳಾರಿ. ಯಾವ ಊರೂ ಕಾಯುವುದಿಲ್ಲ. ರಾತ್ರಿಯೆಲ್ಲ ನಿಂತೇ ಕೆಲಸ. ಮುಂದೆ ಓಡುವ ರೈಲಿನ ಸಾರ್ಟಿಂಗ್ ಕಡಿಮೆಯಾಗಿ, ಅಪ್ಪ ಸ್ಟೇಷನ್ ಪಕ್ಕದ ಆಫೀಸಿಗೆ ಬಂದರು. ಆದರೂ ಅವರ ಮಾತೆಲ್ಲ ವ್ಯಾನಿನದೇ.

ನಿವೃತ್ತರಾದ ಕೆಲವು ವರ್ಷಕ್ಕೆ ಅಪ್ಪ ಬಾಸ್ಟನ್ ಹತ್ತಿರದ ನಮ್ಮ ಮನೆಗೆ ಬಂದರು. ಬೇಸಿಗೆ ದಿನ. ಒಂದು ಶುಕ್ರವಾರ ರಾತ್ರಿ ಊಟ ಆದ ಮೇಲೆ ಈ ಸಿನಿಮಾ ಹಾಕಿದೆ. 88 ನಿಮಿಷದ್ದು, ಅಪ್ಪನಿಗೆ ನಿದ್ದೆ ಬರುವುದರೊಳಗೆ ಮುಗಿಯುತ್ತದೆ ಅಂತ ಲೆಕ್ಕ. ಮೊದಲ ಭಾಗದ ಕಥೆಯನ್ನು ನಾನೇ ಬಾಯಲ್ಲಿ ಹೇಳಿದೆ. ಭೂಮಿಯ ಮೇಲೆ ಬೇರೆ ಗ್ರಹದವರು ಮನುಷ್ಯರ ವೇಷದಲ್ಲಿ ಬದುಕುತ್ತಿದ್ದಾರೆ. ಅವರ ಮೇಲೆ ಕಣ್ಣಿಡಲು ಕರಿ ಸೂಟಿನ ಗುಪ್ತ ಪೊಲೀಸರಿದ್ದಾರೆ. ಯಾರಾದರೂ ಏನಾದರೂ ಕಂಡುಬಿಟ್ಟರೆ ಒಂದು ಸಣ್ಣ ಕಡ್ಡಿಯಂಥ ಯಂತ್ರ ಮಿಂಚುತ್ತದೆ, ಕಂಡವರಿಗೆ ಎಲ್ಲ ಮರೆತುಹೋಗುತ್ತದೆ. ಮೊದಲ ಭಾಗದ ಕೊನೆಯಲ್ಲಿ ಹಿರಿಯ ಏಜೆಂಟ್ ಕೇ ತನ್ನ ನೆನಪನ್ನೇ ಅಳಿಸಿಕೊಂಡು ಕೆಲಸ ಬಿಡುತ್ತಾನೆ.

ಅಪ್ಪ ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಮಗ ರಿಟೈರ್ ಆದ ದಿನ ಹಾರ ಹಾಕಿ ಕಳಿಸಿದ್ರು. ಇವಂಗ ನೆನಪೂ ಕಸಗೊಂಡು ಕಳಸ್ಯಾರ ನೋಡವಾ" ಅಂದರು.

ಸಿನಿಮಾ ಶುರುವಾದಾಗ ಅಪ್ಪನಿಗೆ ಅಷ್ಟೇನೂ ಹಿಡಿಸಲಿಲ್ಲ. ಸುರಂಗ ರೈಲನ್ನು ನುಂಗುವ ದೊಡ್ಡ ಹುಳ, ಸೂಟು ಹಾಕಿಕೊಂಡು ಮಾತಾಡುವ ನಾಯಿ ಫ್ರ್ಯಾಂಕ್, ಎಲ್ಲವನ್ನೂ ಮಕ್ಕಳಾಟ ಎಂಬಂತೆ ನೋಡಿದರು. ಖಳನಾಯಕಿ ಸರ್ಲೀನಾ ನನಗೂ ಹಿಡಿಸಿದವಳಲ್ಲ. ಬಳ್ಳಿಯ ಹಾಗೆ ಕೈ ಚಾಚುತ್ತಾಳೆ, ಅಷ್ಟೇ. ಮೊದಲ ಭಾಗದ ಕೊನೆಗೆ ಏಜೆಂಟ್ ಆಗಿದ್ದ ಹೆಣ್ಣು ಡಾಕ್ಟರನ್ನು ಇಲ್ಲಿ ಒಂದೇ ಮಾತಿನಲ್ಲಿ ಶವಾಗಾರದ ಕೆಲಸಕ್ಕೆ ವಾಪಸ್ ಕಳಿಸಿಬಿಡುತ್ತಾರೆ. ಅದು ನನಗೆ ಇವತ್ತಿಗೂ ಬೇಜಾರು. ಅಂಥ ಒಳ್ಳೆ ಪಾತ್ರವನ್ನು ಹಾಗೆ ಬಿಡಬಾರದಿತ್ತು.

ಆಮೇಲೆ ವಿಲ್ ಸ್ಮಿತ್‌ನ ಏಜೆಂಟ್ ಜೇ ತನ್ನ ಹಳೆ ಗುರುವನ್ನು ಹುಡುಕಿಕೊಂಡು ಮ್ಯಾಸಚೂಸೆಟ್ಸ್‌ನ ಟ್ರೂರೋ ಎಂಬ ಸಣ್ಣ ಊರಿಗೆ ಬರುತ್ತಾನೆ. ಗುರು ಅಲ್ಲಿ ಪೋಸ್ಟ್‌ಮಾಸ್ಟರ್! ಟಾಮಿ ಲೀ ಜೋನ್ಸ್ ಅಂಚೆ ಇಲಾಖೆಯ ಬಟ್ಟೆ ಹಾಕಿಕೊಂಡು ಕೌಂಟರ್ ಹಿಂದೆ ನಿಂತಿದ್ದಾನೆ. ಜೇ ಯಾರು ಅಂತ ಅವನಿಗೆ ಗುರುತೇ ಇಲ್ಲ. ಅಪ್ಪ ಕುರ್ಚಿಯಲ್ಲಿ ನೆಟ್ಟಗೆ ಕುಳಿತರು.

ತನ್ನ ಮಾತನ್ನು ನಂಬಿಸಲು ಜೇ ಆ ಪೋಸ್ಟಾಫೀಸಿನ ಗುಟ್ಟು ಬಿಚ್ಚುತ್ತಾನೆ. ಅಲ್ಲಿ ಕೆಲಸ ಮಾಡುವವರು ಹೆಚ್ಚುಕಡಿಮೆ ಎಲ್ಲರೂ ಬೇರೆ ಗ್ರಹದವರೇ. ಒಬ್ಬನ ಭಾಷೆ ಬರೀ ಬಾಯಿಂದ ಬಾರಿಸುವ ತಾಳ. ಕಾಗದ ವಿಂಗಡಿಸುವ ಯಂತ್ರದ ಬಾಗಿಲು ತೆಗೆದರೆ ಒಳಗೆ ಯಂತ್ರವೇ ಇಲ್ಲ. ಎಷ್ಟೋ ಕೈಗಳಿರುವ ಒಂದು ಜೀವಿ ಕುಳಿತು ಸರಸರ ಕಾಗದ ಹಾಕುತ್ತಿದೆ.

ಅಪ್ಪ ನಕ್ಕ ನಗುವಿಗೆ ಮಹಡಿ ಮೇಲೆ ಮಲಗಿದ್ದ ನನ್ನ ಮಗ ಎದ್ದುಬಿಟ್ಟ. "ಇಂಥಾಂವ ಒಬ್ಬಾಂವ ನಮ್ಮ ವ್ಯಾನಿನ್ಯಾಗ ಇದ್ದಿದ್ರ ಹೊಸಪೇಟಿ ತನಕ ಆರಾಮ ಮಲಗಿ ಬರ್ತಿದ್ವಿ!" ದೃಶ್ಯವನ್ನು ಮತ್ತೆ ಹಾಕು ಅಂದರು. ಮತ್ತೆ ಹಾಕಿದೆ. ಎರಡನೇ ಸಲ ನಗಲಿಲ್ಲ. ಆ ಕೈಗಳು ಖಾನೆಯಿಂದ ಖಾನೆಗೆ ಹೋಗುವುದನ್ನೇ ನೋಡಿದರು.

ಮುಂದೆ ಅಪ್ಪನಿಗೆ ಇನ್ನೊಂದು ಖುಷಿ ಕಾದಿತ್ತು. ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ಸ್ಟೇಷನ್ನಿನ ಒಂದು ಲಾಕರ್ ತೆಗೆದರೆ ಒಳಗೆ ಸಣ್ಣ ಸಣ್ಣ ಜೀವಿಗಳ ಒಂದು ಊರೇ ಇರುತ್ತದೆ. ಕೇ ಯಾವತ್ತೋ ಬಿಟ್ಟುಹೋದ ಗಡಿಯಾರ ಅವರಿಗೆ ಗಡಿಯಾರ ಗೋಪುರ. ಸಿನಿಮಾದ ಕೊನೆಗೆ ಕೇ ಒಂದು ಬಾಗಿಲು ಒದೆಯುತ್ತಾನೆ. ನಮ್ಮ ಜಗತ್ತೂ ಇನ್ಯಾರದೋ ದೊಡ್ಡ ಸ್ಟೇಷನ್ನಿನ ಒಂದು ಲಾಕರ್ ಅಂತ ಗೊತ್ತಾಗುತ್ತದೆ. ಜೀವಮಾನವೆಲ್ಲ ಸ್ಟೇಷನ್ನಿನಲ್ಲೇ ಕಳೆದ ಮನುಷ್ಯ ಇದನ್ನು ಬಲು ಸುಲಭವಾಗಿ ಒಪ್ಪಿಕೊಂಡರು.

ಅದಕ್ಕೂ ಮೊದಲು ಬರುವ ಕಾಳಗವನ್ನು ವರ್ಲ್ಡ್ ಟ್ರೇಡ್ ಸೆಂಟರ್‌ನಲ್ಲಿ ಇಡುವ ಯೋಚನೆ ಇತ್ತು. 2001ರ ಸೆಪ್ಟೆಂಬರ್ 11ರ ನಂತರ ಅದನ್ನು ಬದಲಿಸಿದರು. ಈಗಿನ ಸಿನಿಮಾದಲ್ಲಿ ಲಿಬರ್ಟಿ ಪ್ರತಿಮೆಯ ಪಂಜು ಮಿಂಚುತ್ತದೆ, ಇಡೀ ನಗರ ಕಂಡದ್ದನ್ನು ಮರೆಯುತ್ತದೆ. ಆ ಊರು ಎಂದೂ ಮರೆಯಲಾರದಂಥದ್ದು ನಡೆದ ಮರುವರ್ಷವೇ ಈ ದೃಶ್ಯ ತೆರೆಗೆ ಬಂತು. ಇಷ್ಟು ನಗಿಸುವ ಸಿನಿಮಾದಲ್ಲಿ ಅಲ್ಲಿಗೆ ಬಂದಾಗ ನನಗೆ ನಗು ಬರುವುದಿಲ್ಲ.

"ಆ ಟ್ರೂರೋ ಖರೇನ ಐತೇನವಾ?" ಅಪ್ಪ ಕೇಳಿದರು. ಇದೆ, ಕಾರಿನಲ್ಲಿ ಹೋದರೆ ಎರಡು ಗಂಟೆ ದಾರಿ ಅಂದೆ. "ಪೋಸ್ಟಾಫೀಸ?" ಅದೂ ಇದೆ ಅಂದೆ.

ಶನಿವಾರ ಬೆಳಿಗ್ಗೆ ಉಪ್ಪಿಟ್ಟು ಕಟ್ಟಿಕೊಂಡು ಹೊರಟೆವು. ಬೇಸಿಗೆಯ ಶನಿವಾರ ಕೇಪ್ ಕಾಡ್ ಕಡೆ ಹೋಗುವುದೆಂದರೆ ಸಾಗಮೋರ್ ಸೇತುವೆ ಹತ್ತಿರ ಕಾರುಗಳ ಸಾಲು ನಿಂತಿರುತ್ತದೆ. ಅದಕ್ಕೇ ಬೇಗ ಬಿಟ್ಟೆವು. ಸೇತುವೆಯ ಕೆಳಗಿನ ಕಾಲುವೆ ದಾಟಿ ರೂಟ್ 6 ಹಿಡಿದರೆ, ಭೂಮಿ ಮೊಣಕೈ ಮಡಚಿದ ತೋಳಿನಂತೆ ಸಮುದ್ರದೊಳಗೆ ಹೋಗುತ್ತದೆ. ಟ್ರೂರೋ ಹೆಚ್ಚುಕಡಿಮೆ ಅದರ ತುದಿ. ಅಲ್ಲಿಂದ ಮುಂದೆ ಪ್ರಾವಿನ್ಸ್‌ಟೌನ್, ಆಮೇಲೆ ಬರೀ ನೀರು. ವರ್ಷಪೂರ್ತಿ ಇರುವವರು ಎರಡು-ಎರಡೂವರೆ ಸಾವಿರ ಜನ ಅಷ್ಟೇ. ಅಲೆಗಳು ದಂಡೆ ಕೊರೆಯುತ್ತವೆ ಅಂತ 1996ರಲ್ಲಿ ಅಲ್ಲಿನ ಹೈಲ್ಯಾಂಡ್ ದೀಪಸ್ತಂಭವನ್ನು ಇಡಿಯಾಗಿ ಎತ್ತಿ ಹಿಂದಕ್ಕೆ ಸರಿಸಿದ್ದಾರೆ. ಅದನ್ನು ನೋಡೋಣ ಅಂದೆ. "ಮೊದಲ ಪೋಸ್ಟಾಫೀಸ. ಮಧ್ಯಾಹ್ನ ಮುಚ್ಚಿದ್ರ?" ಅಂದರು.

ಪೋಸ್ಟಾಫೀಸು ಸಣ್ಣದು. ಒಂದು ಗೋಡೆಯ ತುಂಬ ಬಾಡಿಗೆ ಪೆಟ್ಟಿಗೆಗಳು. ಕೌಂಟರಿನಲ್ಲಿ ವಯಸ್ಸಾದ ಒಬ್ಬ ಹೆಂಗಸು ಇದ್ದರು. ಅಪ್ಪ ಒಂದು ಪಿಕ್ಚರ್ ಪೋಸ್ಟ್‌ಕಾರ್ಡ್ ಕೊಂಡಿದ್ದರು. ವ್ಯಾನಿನಲ್ಲಿ ಜೊತೆಗಿದ್ದ ಗೆಳೆಯರಿಗೆ ಅಲ್ಲೇ ನಿಂತು ಬರೆದರು. ವಿಳಾಸದ ಕೊನೆಗೆ 580020 ಅಂತ ದೊಡ್ಡದಾಗಿ ಬರೆದು, "ಇದು ನಿಮ್ಮ ಜಿಪ್ ಕೋಡಿನ ಹಂಗ, ನಮ್ಮಲ್ಲಿ ಆರು ಅಂಕಿ" ಎಂದು ಆ ಹೆಂಗಸಿಗೆ ಹೇಳಿಸಿದರು. ನಮ್ಮಲ್ಲಿ ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ. ಇವರ ಐದು ಅಂಕಿಯ ಜಿಪ್ 1963ರದು. ಪಿನ್ ಬರುವ ಮೊದಲು ಒಂದೇ ಹೆಸರಿನ ಎರಡು ಊರು ಬಂದರೆ ಸಾರ್ಟರ್‌ನ ತಲೆಯೊಂದೇ ಗತಿಯಾಗಿತ್ತು ಅನ್ನುವುದು ಅಪ್ಪನಿಗೆ ಹಿರಿಯ ಸಾರ್ಟರ್‌ಗಳು ಹೇಳಿದ ಮಾತು.

ಇವರು ರೈಲಿನಲ್ಲಿ ಕಾಗದ ಸಾರ್ಟ್ ಮಾಡುತ್ತಿದ್ದವರು ಅಂತ ನಾನು ಹೇಳಿದಾಗ ಆಕೆಯ ಮುಖ ಅರಳಿತು. ಅಮೆರಿಕದಲ್ಲೂ ಹಾಗೆ ಇತ್ತಲ್ಲ, ಗೊತ್ತಾ ಅಂದರು. ನಿಜ. ಅಂಥ ಕೊನೆಯ ರೈಲು ನ್ಯೂಯಾರ್ಕ್ ಮತ್ತು ವಾಷಿಂಗ್ಟನ್ ನಡುವೆ ಓಡಿ 1977ರಲ್ಲಿ ನಿಂತಿತು. ಅಪ್ಪ ಅದನ್ನು ಕೇಳಿ "ಹೌದಾ? ನಮ್ಮಂಗ ಇಲ್ಲೂ ನಿಂತು ಮಾಡತಿದ್ರಾ?" ಅಂತ ಎರಡು ಸಲ ಕೇಳಿದರು.

ಒಳಗೆ ಇಣುಕಿ ನೋಡಬಹುದಾ ಅಂತ ಅಪ್ಪನ ಪರವಾಗಿ ನಾನೇ ಕೇಳಿದೆ. ಆಕೆ ನಗುತ್ತಲೇ ಇಲ್ಲ ಅಂದರು, ಹೊರಗಿನವರನ್ನು ಬಿಡುವ ಹಾಗಿಲ್ಲ. ನನಗೆ ಪಾಪ ಅನ್ನಿಸಿತು. ಅಪ್ಪನಿಗೆ ಹಾಗನ್ನಿಸಲಿಲ್ಲ. "ಸರಿ ಮಾಡಿದ್ಲು. ಸಾರ್ಟಿಂಗ್ ಜಾಗಕ್ಕ ಮಂದಿ ಬಿಡಬಾರದು. ನಾವೂ ವ್ಯಾನಿನ್ಯಾಗ ಪೊಲೀಸರನ್ನ ಸುದ್ದಾ ಸುಮ್ನ ಹತ್ತಿಸಿಕೊಳ್ತಿದ್ದಿಲ್ಲ."

ಆಗ ನನಗೆ ಒಂದು ವಿಷಯ ಹೊಳೆಯಿತು. ಅಷ್ಟು ವರ್ಷದಲ್ಲಿ ಅಪ್ಪನ ಕೈ ದಾಟಿ ಹೋದ ಕಾಗದಗಳಲ್ಲಿ ನಮ್ಮ ಪರಿಚಯದವರವು ಎಷ್ಟಿದ್ದವೋ! ಯಾರಿಗೆ ಯಾರಿಂದ ಬಂತು ಅಂತ ಮನೆಯಲ್ಲಿ ಒಂದು ಮಾತೂ ಆಡಿದವರಲ್ಲ. ರಾತ್ರಿ ಹೋಗುತ್ತಿದ್ದರು, ಬಾಗಿಲು ಮುಚ್ಚಿದ ವ್ಯಾನಿನಲ್ಲಿ ಕೆಲಸ, ಬೆಳಿಗ್ಗೆ ಊರ ಮಂದಿಗೆ ಕಾಗದ. ನಡುವೆ ಯಾರ ಕೈ ಇತ್ತು ಅಂತ ಯಾರೂ ಕೇಳಲಿಲ್ಲ. ಈ ಸಿನಿಮಾ ಕೇಯನ್ನು ಅಂಗಡಿಗೋ ಹೊಲಕ್ಕೋ ಕಳಿಸದೆ ಪೋಸ್ಟಾಫೀಸಿಗೆ ಕಳಿಸಿತಲ್ಲ, ಆ ಆಯ್ಕೆಗೆ ನಾನು ಕೃತಜ್ಞಳು. ಗುಟ್ಟು ಕಾಯುವ ಕೆಲಸ ಗೊತ್ತಿರುವವನು ಅಲ್ಲೇ ಹೊಂದುತ್ತಾನೆ.

ಆ ಹೆಂಗಸು ಕಾರ್ಡಿಗೆ ದುಂಡಗಿನ ಸ್ಟಾಂಪ್ ಹಚ್ಚಿದರು. ಯಂತ್ರಕ್ಕೆ ಹಾಕಬೇಡಿ, ಕೈಯಿಂದಲೇ ಶಿಕ್ಕಾ ಒತ್ತಿ ಅಂತ ಅಪ್ಪ ಕೈಸನ್ನೆ ಮಾಡಿ ತೋರಿಸಿದರು. ಆಕೆ ಒತ್ತಿ, ಕಾರ್ಡು ತಿರುಗಿಸಿ ತೋರಿಸಿದರು. ಊರ ಹೆಸರು, ತಾರೀಖು ಸ್ವಚ್ಛ ಮೂಡಿತ್ತು. ಅಪ್ಪ ಕೈ ಮುಗಿದರು.

ಕೆಲವು ವಾರದ ಮೇಲೆ ಹುಬ್ಬಳ್ಳಿಯಿಂದ ಗೆಳೆಯರ ಫೋನ್ ಬಂತು. ಕಾರ್ಡು ಮುಟ್ಟಿತ್ತು. ಅಪ್ಪ ಅವರಿಗೆ ಸಿನಿಮಾದ ಕಥೆಯನ್ನು ಮೊದಲಿನಿಂದ ಹೇಳತೊಡಗಿದರು. ಅವರ ಕಥೆಯಲ್ಲಿ ಸರ್ಲೀನಾ ಇರಲಿಲ್ಲ, ನಾಯಿ ಇರಲಿಲ್ಲ, ವಿಲ್ ಸ್ಮಿತ್ ಸಹ ಬಂದು ಹೋದ ಒಬ್ಬ ಹುಡುಗ ಅಷ್ಟೇ. ಒಬ್ಬ ಪೋಸ್ಟ್‌ಮಾಸ್ಟರ್ ಇದ್ದ, ಅವನ ಹತ್ತಿರ ಎಷ್ಟೋ ಕೈಗಳ ಒಬ್ಬ ಸಾರ್ಟರ್ ಇದ್ದ. ಆ ಸಾರ್ಟರ್ ಮಿಸ್‌ಸಾರ್ಟ್, ಅಂದರೆ ಒಂದೂರಿನ ಕಾಗದ ಇನ್ನೊಂದೂರಿನ ಖಾನೆಗೆ ಹಾಕುವುದು, ಮಾಡುತ್ತಿದ್ದನೋ ಇಲ್ಲವೋ ಅಂತ ಆ ಕಡೆಯಿಂದ ಪ್ರಶ್ನೆ ಬಂತು. ಅಲ್ಲಿಂದ ಇಬ್ಬರೂ ಸಿನಿಮಾ ಬಿಟ್ಟು, ಯಾವುದೋ ಮಳೆಗಾಲದಲ್ಲಿ ಬಳ್ಳಾರಿ ಬ್ಯಾಗ್ ಕೊಪ್ಪಳದಲ್ಲಿ ಇಳಿದುಹೋದ ಕಥೆಗೆ ಹೋದರು.