ಎರಡನೆಯ ಜೂಲಿಯಸ್‌ನ ಜಾಡಿನಲ್ಲಿ ರೋಮ್: ಹೊರಡುವವರಿಗೆ ಕೆಲವು ಸಲಹೆಗಳು

ರೋಮ್‌ಗೆ ಬರುವ ಬಹುಪಾಲು ಪ್ರವಾಸಿಗರು ವ್ಯಾಟಿಕನ್ ಮ್ಯೂಸಿಯಂ ಅನ್ನು ಸಿಸ್ಟೀನ್ ಚಾಪೆಲ್‌ಗೆ ಹೋಗುವ ದಾರಿಯೆಂದಷ್ಟೇ ಎಣಿಸಿ ಓಡುತ್ತಾರೆ. 1503ರಿಂದ 1513ರವರೆಗೆ ಪೋಪ್ ಆಗಿದ್ದ ಎರಡನೆಯ ಜೂಲಿಯಸ್‌ನನ್ನು ಮನಸ್ಸಿನಲ್ಲಿಟ್ಟುಕೊಂಡು ನಿಧಾನವಾಗಿ ನಡೆದರೆ, ಅಲ್ಲಿನ ಗೋಡೆಗಳಲ್ಲಿ ಭಕ್ತಿಯಷ್ಟೇ ರಾಜಕೀಯವೂ ಕಾಣುತ್ತದೆ. ಪೆರುಜಿಯಾ ಮತ್ತು ಬೊಲೊನ್ಯಾ ನಗರಗಳನ್ನು ಮತ್ತೆ ವಶಪಡಿಸಿಕೊಳ್ಳಲು 1506ರಲ್ಲಿ ಸ್ವತಃ ಸೈನ್ಯದೊಡನೆ ಹೊರಟವನು, ಸೇಂಟ್ ಪೀಟರ್ಸ್ ಬೆಸಿಲಿಕಾದ ಹೊಸ ಕಟ್ಟಡಕ್ಕೆ ಅಡಿಗಲ್ಲಿಟ್ಟದ್ದೂ ಅದೇ ವರ್ಷ.

ಟಿಕೆಟ್ಟನ್ನು ಮ್ಯೂಸಿಯಂನ ಅಧಿಕೃತ ಜಾಲತಾಣದಲ್ಲಿ ಮುಂಗಡವಾಗಿ ಕಾಯ್ದಿರಿಸಿ, ಬೆಳಗಿನ ಮೊದಲ ಸರದಿಯನ್ನೇ ಆರಿಸಿಕೊಳ್ಳಿ. ತಿಂಗಳ ಕೊನೆಯ ಭಾನುವಾರದ ಉಚಿತ ಪ್ರವೇಶಕ್ಕೆ ಆಸೆಪಡಬೇಡಿ; ಆ ನೂಕುನುಗ್ಗಲಿನಲ್ಲಿ ಚಿತ್ರ ನೋಡುವುದು ಕಷ್ಟ. ಭುಜ ಮತ್ತು ಮಂಡಿ ಮುಚ್ಚುವ ಉಡುಪು ಕಡ್ಡಾಯ.

ಮೊದಲು ಮ್ಯೂಸಿಯಂನೊಳಗಿನ ಬೆಲ್ವೆಡೆರೆ ಅಂಗಳದಲ್ಲಿ, ಹಾವುಗಳ ಹಿಡಿತಕ್ಕೆ ಸಿಕ್ಕ ಟ್ರಾಯ್‌ನ ಪುರೋಹಿತ ಮತ್ತು ಅವನ ಮಕ್ಕಳನ್ನು ತೋರಿಸುವ ಪ್ರಾಚೀನ ಲಾವೊಕೊವನ್ ಶಿಲ್ಪವನ್ನು ನೋಡಿ. 1506ರಲ್ಲಿ ರೋಮ್‌ನ ದ್ರಾಕ್ಷಿತೋಟವೊಂದರಲ್ಲಿ ಅಗೆಯುವಾಗ ಸಿಕ್ಕ ಇದನ್ನು ಜೂಲಿಯಸ್ ಕೂಡಲೇ ಕೊಂಡು ಇಲ್ಲಿ ನಿಲ್ಲಿಸಿದ. ಮುಂದೆ ನಕ್ಷೆಗಳ ಗ್ಯಾಲರಿ ದಾಟಿದ ಮೇಲೆ ನೇರವಾಗಿ ಸಿಸ್ಟೀನ್ ಚಾಪೆಲ್‌ಗೆ ಕರೆದೊಯ್ಯುವ ಫಲಕ ಕಂಡರೆ ಅದರ ಹಿಂದೆ ಹೋಗದೆ, ಚಿತ್ರಕಾರ ರಾಫೆಲ್‌ನ ಕೋಣೆಗಳ ಕಡೆಗೆ ತಿರುಗಿ.

ನನ್ನ ಮಟ್ಟಿಗೆ ಇಡೀ ಭೇಟಿಯ ತಿರುಳು ಇಲ್ಲಿದೆ. ತನಗಿಂತ ಹಿಂದೆ ಪೋಪ್ ಆಗಿದ್ದ ಆರನೆಯ ಅಲೆಕ್ಸಾಂಡರ್‌ನನ್ನು ದ್ವೇಷಿಸುತ್ತಿದ್ದ ಜೂಲಿಯಸ್, ಅವನು ಬಾಳಿದ ಕೋಣೆಗಳಲ್ಲಿ ಇರಲೊಪ್ಪದೆ ಮೇಲಿನ ಅಂತಸ್ತಿಗೆ ಬಂದು ಅಲಂಕಾರವನ್ನು ರಾಫೆಲ್‌ಗೆ ವಹಿಸಿದ. ಎಲ್ಲರೂ ಅವನ ಪ್ರಸಿದ್ಧ ಗೋಡೆಚಿತ್ರ ‘ಸ್ಕೂಲ್ ಆಫ್ ಅಥೆನ್ಸ್’ ಮುಂದೆ ಮುತ್ತಿಕೊಂಡಿರುತ್ತಾರೆ. ಪಕ್ಕದ ಹೆಲಿಯೊಡೋರಸ್ ಕೋಣೆಗೆ ಹೆಚ್ಚು ಸಮಯ ಕೊಡಿ. ಅಲ್ಲಿನ ಗೋಡೆಚಿತ್ರದಲ್ಲಿ ಜೆರುಸಲೇಮಿನ ದೇವಾಲಯದ ಭಂಡಾರಕ್ಕೆ ಕೈಹಾಕಿದ ಹೆಲಿಯೊಡೋರಸ್‌ನನ್ನು ದೈವಿಕ ಸವಾರ ನೆಲಕ್ಕೆ ಕೆಡಹುತ್ತಿದ್ದಾನೆ, ಎಡಬದಿಯಲ್ಲಿ ಪಲ್ಲಕ್ಕಿಯ ಮೇಲೆ ಕುಳಿತ ಜೂಲಿಯಸ್ ಅದನ್ನು ನೋಡುತ್ತಿದ್ದಾನೆ. ಚರ್ಚಿನ ನೆಲಕ್ಕೆ ಕಣ್ಣು ಹಾಕಿದವರಿಗೆ, ಮುಖ್ಯವಾಗಿ ಆಗ ಇಟಲಿಯಲ್ಲಿದ್ದ ಫ್ರೆಂಚರಿಗೆ, ಇದಕ್ಕಿಂತ ನೇರವಾದ ಎಚ್ಚರಿಕೆ ಬೇಕಿರಲಿಲ್ಲ. ಯುದ್ಧದ ದಿನಗಳಲ್ಲಿ ಜೂಲಿಯಸ್ ಬಿಟ್ಟ ಗಡ್ಡವೂ ಚಿತ್ರದಲ್ಲಿದೆ.

ಇದನ್ನು ನೋಡಿದ ಮೇಲೆ ಸಿಸ್ಟೀನ್ ಚಾಪೆಲ್‌ಗೆ ಹೋಗಿ. ಅದನ್ನು ಕಟ್ಟಿಸಿದವನು ಜೂಲಿಯಸ್‌ನ ತಂದೆಯ ಸಹೋದರ, ಪೋಪ್ ನಾಲ್ಕನೆಯ ಸಿಕ್ಸ್ಟಸ್. 1508ರಿಂದ 1512ರವರೆಗೆ ಮೈಕೆಲೇಂಜೆಲೊ ಚಾವಣಿಗೆ ಬಿಡಿಸಿದ ಚಿತ್ರಗಳ ನಡುವೆ ಈ ಇಬ್ಬರು ಪೋಪರ ಮನೆತನದ ಲಾಂಛನವಾದ ಓಕ್ ಎಲೆ, ಕಾಯಿಗಳು ಸಿಗುತ್ತವೆ. ಛಾಯಾಗ್ರಹಣ ನಿಷಿದ್ಧ, ಚಿಕ್ಕ ದುರ್ಬೀನು ಇದ್ದರೆ ಕುತ್ತಿಗೆಗೆ ತುಸು ಆರಾಮ.

ಮಧ್ಯಾಹ್ನದ ನಂತರ ಕಾವೂರ್ ಮೆಟ್ರೊ ನಿಲ್ದಾಣದ ಬಳಿಯ ಸಾನ್ ಪಿಯೆತ್ರೊ ಇನ್ ವಿಂಕೊಲಿ ಚರ್ಚಿಗೆ ಹೋಗಿ. 1505ರಲ್ಲಿ ಜೂಲಿಯಸ್ ತನಗಾಗಿ ಯೋಜಿಸಿದ ಭಾರಿ ಸಮಾಧಿ ಕುಗ್ಗುತ್ತಾ ಕುಗ್ಗುತ್ತಾ 1545ರಲ್ಲಿ ಇಲ್ಲಿ ಮುಗಿಯಿತು. ಮಧ್ಯದಲ್ಲಿ ಮೈಕೆಲೇಂಜೆಲೊ ಕೆತ್ತಿದ ಬೈಬಲ್‌ನ ಪ್ರವಾದಿ ಮೋಸೆಸ್ ಕುಳಿತಿದ್ದಾನೆ. ಜೂಲಿಯಸ್‌ನ ದೇಹ ಮಾತ್ರ ಸೇಂಟ್ ಪೀಟರ್ಸ್‌ನಲ್ಲಿದೆ. ಈ ಚರ್ಚಿಗೆ ಪ್ರವೇಶಶುಲ್ಕವಿಲ್ಲ, ಆದರೆ ನಡುಮಧ್ಯಾಹ್ನ ಬಾಗಿಲು ಹಾಕುವುದರಿಂದ ಮೂರು ಗಂಟೆಯ ನಂತರವೇ ತಲುಪುವಂತೆ ಹೊರಡಿ.