ಕೋಪನ್‌ಹೇಗನ್‌ನಲ್ಲಿ ಇಬ್ಬರು, ಮೂರು ದಿನ: ಎಲ್ಲಿ ಏನು ತಿನ್ನೋದು?

"ಊಟಕ್ಕೆ ಅಂತಲೇ ಕೋಪನ್‌ಹೇಗನ್‌ಗೆ ಹೊರಟಿದ್ದೀವಿ, ಮೂರೇ ದಿನ, ಅಲ್ಲಿನ ಹೆಸರಾಂತ ರೆಸ್ಟೋರೆಂಟ್ ನೋಮಾದಲ್ಲಿ ಟೇಬಲ್ ಸಿಗಲಿಲ್ಲ. ಇವರು ಮೀನು ತಿಂತಾರೆ, ನಾನು ತಿನ್ನಲ್ಲ. ಏನು ಮಾಡಲಿ?" ಗೆಳತಿಯರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು.

ರಾತ್ರಿ ಊಟದ ಚಿಂತೆ ಬಿಡಿ. ಮಧ್ಯಾಹ್ನದ ಊಟವನ್ನು ಪ್ಲಾನ್ ಮಾಡಿ.

ಡ್ಯಾನಿಶ್ ಜನರ ಅಪ್ಪಟ ಊಟ ಸ್ಮೊರೆಬ್ರೊ. ರೈ ಅನ್ನುವ ಧಾನ್ಯದ ಹಿಟ್ಟಿನ ಕಪ್ಪು ಬ್ರೆಡ್, ನಮ್ಮ ದೋಸೆಹಿಟ್ಟಿನ ಹಾಗೆ ಹುದುಗಿ ಸ್ವಲ್ಪ ಹುಳಿಯಾಗಿರುತ್ತದೆ. ಒಂದೇ ಒಂದು ತುಂಡು, ಅದಕ್ಕೆ ದಪ್ಪಗೆ ಬೆಣ್ಣೆ, ಮೇಲೆ ಬ್ರೆಡ್ಡೇ ಕಾಣದಷ್ಟು ಪದಾರ್ಥ. ಕೈಯಲ್ಲಿ ಎತ್ತಿ ತಿನ್ನುವುದಲ್ಲ, ಚಾಕು ಫೋರ್ಕ್ ಬೇಕು. ಇದು ಮಧ್ಯಾಹ್ನದ ಊಟ, ಹಳೆಯ ಅಂಗಡಿಗಳಲ್ಲಿ ಎಷ್ಟೋ ಕಡೆ ಸಂಜೆ ಸಿಗುವುದೇ ಇಲ್ಲ. 1877ರಿಂದ ಇರುವ ಶೋನಮನ್ ರೆಸ್ಟೋರೆಂಟ್‌ಗೆ ಹೋಗುವುದಾದರೆ ಟೇಬಲ್ ಮೊದಲೇ ಬುಕ್ ಮಾಡಿ. ತಲೆಗೆ ಎರಡು ತುಂಡು ಸಾಕು. ಮೀನು ತಿನ್ನುವವರು ವಿನೆಗರ್, ಸಕ್ಕರೆಯಲ್ಲಿ ನೆನೆಸಿದ ಹೆರಿಂಗ್‌ನಿಂದ ಶುರು ಮಾಡಲಿ, ಅಲ್ಲಿನ ಕ್ರಮವೇ ಹಾಗೆ: ಮೊದಲು ಹೆರಿಂಗ್, ಆಮೇಲೆ ಬೇರೆ ಮೀನು, ಮಾಂಸ, ಕೊನೆಗೆ ಚೀಸ್. ನೀವು ಆಲೂಗಡ್ಡೆಯದನ್ನು ಕೇಳಿ. ಬೇಯಿಸಿದ ಆಲೂಗಡ್ಡೆ ಬಿಲ್ಲೆ, ಮೇಯನೇಸ್, ಕರಿದ ಈರುಳ್ಳಿ, ಅಷ್ಟೇ, ಆದರೆ ಏನು ರುಚಿ! ಮೇಯನೇಸ್‌ನಲ್ಲಿ ಮೊಟ್ಟೆ ಇರುತ್ತದೆ, ಮೊಟ್ಟೆಯೂ ಬೇಡ ಅನ್ನುವವರು ಅದನ್ನು ಬಿಡಿಸಿ ಹೇಳಬೇಕು. "ವೆಜ್" ಅಂದರೆ ಮೊಟ್ಟೆ ಬಿಡುವುದಿಲ್ಲ.

ಬೆಳಗ್ಗೆ ಹೋಟೆಲ್ ತಿಂಡಿ ತಿನ್ನಬೇಡಿ, ದಯವಿಟ್ಟು. ಬೇಕರಿಗೆ ಹೋಗಿ. ಓಸ್ಟರ್‌ಬ್ರೋ ಕಡೆ ಜೂನೋ ದಿ ಬೇಕರಿ ಇದೆ, ನೋಮಾದಲ್ಲಿ ಕೆಲಸ ಮಾಡಿದವರೇ ಶುರು ಮಾಡಿದ್ದು. ಅಲ್ಲಿ ಏಲಕ್ಕಿ ಬನ್ ತಗೊಳ್ಳಿ. ನಾವು ಪಾಯಸಕ್ಕೆ ಹಾಕುವ ಹಾಗೆ ನುಣ್ಣಗೆ ಪುಡಿ ಮಾಡಿದ್ದಲ್ಲ, ತರಿತರಿಯಾಗಿ ಕುಟ್ಟಿದ ಏಲಕ್ಕಿ, ಬೆಣ್ಣೆಯ ಜೊತೆ ಹಲ್ಲಿಗೆ ಸಿಗುತ್ತದೆ. ಸಕಲೇಶಪುರದ ಕಡೆಯ ಏಲಕ್ಕಿ ತೋಟದ ಪರಿಮಳ ಗೊತ್ತಿರುವವರಿಗೆ ಅಷ್ಟು ದೂರದ ಚಳಿ ದೇಶದಲ್ಲಿ ಅದು ಮೂಗಿಗೆ ಬಡಿದಾಗ ಏನನ್ನಿಸುತ್ತದೆ ಅಂತ ನಾನು ಹೇಳಬೇಕಿಲ್ಲ ಅಲ್ವಾ. ಬುಧವಾರ ಅಲ್ಲಿದ್ದರೆ ಸಾಂಕ್ಟ್ ಪೇಡರ್ಸ್ ಬೇಕರಿಯ ದೊಡ್ಡ ದಾಲ್ಚಿನ್ನಿ ರೋಲ್ ಬಿಡಬೇಡಿ. 1652ರಿಂದ ಬೇಕರಿ ಇರುವ ಜಾಗ ಅದು.

ಇಳಿದ ದಿನ ಏರ್‌ಪೋರ್ಟ್‌ನಿಂದ ಮೆಟ್ರೋ ಹತ್ತಿ ನೋರಪೋರ್ಟ್‌ನಲ್ಲಿ ಇಳಿಯಿರಿ, ಪಕ್ಕದಲ್ಲೇ ಟೊರ್ವೆಹಾಲರ್ನೆ ಮಾರುಕಟ್ಟೆ. ಎರಡು ಗಾಜಿನ ಕಟ್ಟಡ ತುಂಬ ಚೀಸ್, ಕಾಫಿ, ಹಣ್ಣು. ಸುಮ್ನೆ ಒಂದು ಗಂಟೆ ಸುತ್ತಾಡಿ.

ಸಂಜೆಗೆ, ಬೇಸಿಗೆಯಾದರೆ, ರೆಫೆನ್ ಅನ್ನುವ ಬೀದಿ ತಿಂಡಿ ಮಾರುಕಟ್ಟೆಯಲ್ಲಿ ನೀರಿನ ಪಕ್ಕ ಕೂತು ಏನಾದರೂ ತಿನ್ನಿ, ಜೂನ್‌ನಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ. ದುಡ್ಡು ಜಾಸ್ತಿ ಹಾಕುವ ಡಿನ್ನರ್ ಒಂದೇ ಇರಲಿ. ಬುಕ್ ಮಾಡುವಾಗಲೇ ಸಸ್ಯಾಹಾರಿ ಅಂತ ಬರೆಯಿರಿ, ಅಲ್ಲಿ ಹೋಗಿ ಹೇಳಿದರೆ ಅಡುಗೆಯವರಿಗೆ ಕಷ್ಟ. ಟಿಪ್ಸ್ ಕೊಡಲೇಬೇಕು ಅಂತಿಲ್ಲ. ನಲ್ಲಿ ನೀರು ಧಾರಾಳವಾಗಿ ಕುಡಿಯಿರಿ.

ಮೂರನೇ ದಿನ ಬೆಳಗ್ಗೆ ರೈಲು ಹತ್ತಿ ಓರೆಸುಂಡ್ ಸೇತುವೆ ದಾಟಿದರೆ ಮಾಲ್ಮೋ, ಸ್ವೀಡನ್. ಮುಕ್ಕಾಲು ಗಂಟೆಯೂ ಬೇಡ. ಅಲ್ಲಿನ ಫಲಾಫೆಲ್ (ಕಡಲೆ ರುಬ್ಬಿ ಕರಿದ ವಡೆ) ಇಡೀ ಸ್ವೀಡನ್‌ನಲ್ಲಿ ಹೆಸರುವಾಸಿ, ಸಸ್ಯಾಹಾರಿಗಳಿಗೆ ಹೊಟ್ಟೆ ತುಂಬ ಊಟ, ಬೆಲೆಯೂ ಕಡಿಮೆ. ಷೆಂಗೆನ್ ವೀಸಾ ಎರಡೂ ದೇಶಕ್ಕೆ ನಡೆಯುತ್ತದೆ, ಆದರೂ ಪಾಸ್‌ಪೋರ್ಟ್ ಜೊತೆಗಿರಲಿ, ಗಡಿಯಲ್ಲಿ ಕೇಳಬಹುದು.